ಹತ್ತು ಮನೆಗಳ ಬಾಡಿಗೆ

ಹೊಲಿಗೆ ಕಾರ್ಖಾನೆಯ ಗುಮಾಸ್ತರ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅವರ ಮಂಡಿ ಮಾತ್ರ ಯಾವಾಗಲೋ ನಿವೃತ್ತಿ ಪಡೆದಿತ್ತು. ಮೂರು ವರ್ಷಕ್ಕೊಮ್ಮೆ ಅವರಿಗೊಂದು ದೊಡ್ಡ ಕೆಲಸ ಬೀಳುತ್ತಿತ್ತು. ಈ ನಗರದಲ್ಲಿ ಒಂದು ಸಂಸಾರ ನೆಮ್ಮದಿಯಾಗಿ ಬದುಕಲು ತಿಂಗಳಿಗೆ ಎಷ್ಟು ಬೇಕೆಂದು ಅವರು ವಿಚಾರಿಸಿ ಬರೆದುಕೊಡಬೇಕು. ಆ ಮೊತ್ತವೇ ಹೊಲಿಯುವವರ ಸಂಬಳವಾಗುತ್ತಿತ್ತು.

ಕಾಟಾಚಾರಕ್ಕೆ ಮಾಡುವ ಜಾಯಮಾನ ಅವರದಲ್ಲ. ಒಂದು ಸೋಪಿನ ಬೆಲೆ ತಿಳಿಯಲು ಮೂರು ಅಂಗಡಿ ಹತ್ತಿಳಿಯುತ್ತಿದ್ದರು. ಎಣ್ಣೆ, ಬಸ್ ಪಾಸು, ಶಾಲೆಯ ಫೀಸು, ಕೊನೆಗೆ ಹಲ್ಲು ಕೀಳಿಸುವ ಖರ್ಚನ್ನೂ ಬಿಡುತ್ತಿರಲಿಲ್ಲ. "ಈ ಪುಣ್ಯಾತ್ಮ ಕೊಳ್ಳೋನೂ ಅಲ್ಲ, ಬಿಡೋನೂ ಅಲ್ಲ" ಎಂದು ಅಂಗಡಿಯವರು ಗೊಣಗುತ್ತಿದ್ದರು.

ಆದರೆ ಕಳೆದ ಸಲ ಬಾಡಿಗೆಯ ಪುಟಕ್ಕೆ ಬರುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು. ಹತ್ತು ಮನೆ ವಿಚಾರಿಸಬೇಕಿತ್ತು. ಗುಮಾಸ್ತರು ಕೂತಲ್ಲೇ ತಮ್ಮ ಮನೆಯ ಬಾಡಿಗೆಯನ್ನು ನೂರಿನ್ನೂರು ಆಚೀಚೆ ಮಾಡಿ ಹತ್ತೂ ಸಾಲಿಗೆ ತುಂಬಿಬಿಟ್ಟರು. ಅವರಿದ್ದದ್ದು ಹೆಂಡತಿಯ ಅಣ್ಣನ ಮನೆಯಲ್ಲಿ. ತಂಗಿಯ ಮುಖ ನೋಡಿ ಆತ ಹನ್ನೆರಡು ವರ್ಷದಿಂದ ನಾಲ್ಕು ಸಾವಿರವನ್ನೇ ತೆಗೆದುಕೊಳ್ಳುತ್ತಿದ್ದ. ಹೊರಗೆ ಅಂಥ ಮನೆಗೆ ಒಂಬತ್ತು. ಯಾರು ನೋಡುತ್ತಾರೆ ಎಂದುಕೊಂಡರು. ಯಾರೂ ನೋಡಲಿಲ್ಲ, ಕಾರ್ಖಾನೆಯ ಸಾಹೇಬರು ಕಣ್ಣುಮುಚ್ಚಿ ಸಹಿ ಹಾಕಿದರು. ಹೊಲಿಯುವವರ ಸಂಬಳ ಆ ಲೆಕ್ಕಕ್ಕೇ ನಿಂತಿತು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಅಂಗಿಗಳಿಗೆ ಗುಂಡಿ ಹಾಕುವ ಹೆಂಗಸು, ಎಲ್ಲರ ಬಾಯಲ್ಲೂ ಗುಂಡಿಯಕ್ಕ, ಅವರ ಮೇಜಿನ ಮುಂದೆ ನಿಂತಳು.

"ಸಾರ್, ನಮ್ಮ ಕಾರ್ಖಾನೆಯ ಶಾಲೆ ಬಸ್ಸಿನ ಪಟ್ಟಿಯಿಂದ ನನ್ನ ಮಗಳ ಹೆಸರು ತೆಗೀಬೇಕಿತ್ತು."

"ಯಾಕಕ್ಕ, ಓದು ಬಿಡಿಸಿದ್ರಾ?"

"ಅಯ್ಯೋ, ಇಲ್ಲ. ನಮ್ಮಣ್ಣನ ಊರಿಗೆ ಕಳಿಸ್ತಿದೀನಿ. ಬಾಡಿಗೆ ಕಟ್ಟೋಕಾಗ್ದೆ ಇನ್ನಿಬ್ರ ಜೊತೆ ಒಂದೇ ರೂಮಿಗೆ ಹೋಗ್ತಿದೀನಿ. ಅಲ್ಲಿ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ. ನಾಳೆ ಬೆಳಿಗ್ಗೆ ಹೊರಡ್ತಾಳೆ." ಗುಮಾಸ್ತರ ಮುಖ ಬಾಡಿದ್ದನ್ನು ಕಂಡು ಅವಳೇ ಸಮಾಧಾನ ಹೇಳಿದಳು. "ನೀವೇನು ಮಾಡ್ತೀರ ಸಾರ್? ಬಿಸಿಲಲ್ಲಿ ಕುಂಟ್ಕೊಂಡು ಅಂಗಡಿ ಅಂಗಡಿ ತಿರುಗಿದ್ದನ್ನ ನಾವೇ ನೋಡಿದೀವಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಈ ಮಾತನ್ನು ತಡೆಯಲಾಗಲಿಲ್ಲ. ಒಂದು ಮಗುವನ್ನು ತಾಯಿಯಿಂದ ಬಿಡಿಸಿದ ಪಾಪ ತನ್ನದೇ ಎಂಬುದು ಹಗಲಿನಷ್ಟು ನಿಚ್ಚಳವಾಗಿತ್ತು. ತಲೆ ಎತ್ತದೆ ಎಲ್ಲವನ್ನೂ ಹೇಳಿಬಿಟ್ಟರು.

ಗುಂಡಿಯಕ್ಕ ಒಂದೇ ಮಾತು ಕೇಳಿದಳು.

"ಹತ್ತು ಮನೆ ಕೇಳೋಕೆ ಎಷ್ಟು ಹೊತ್ತು ಬೇಕಿತ್ತು?"

"ಒಂದು ಮಧ್ಯಾಹ್ನ."

"ನನ್ನ ಕೇಳಿದ್ರೆ ಸಾಕಿತ್ತು. ನಮ್ಮ ವಠಾರದಲ್ಲೇ ಹತ್ತು ಮನೆ ಇದಾವೆ. ಇಲ್ಲೇ ನಿಂತು ಬರೆಸಿಬಿಡ್ತಿದ್ದೆ."

ಗುಮಾಸ್ತರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಈಗ ಸಾಹೇಬರಿಗೆ ಹೇಳ್ತೀರಾ?"

ಎರಡು ವರ್ಷದ ಸಂಬಳ, ಆಮೇಲಿನ ಪಿಂಚಣಿ ಅವರ ಕಣ್ಣಮುಂದೆ ಬಂದು ನಿಂತವು. "ಹೇಳ್ತೀನಕ್ಕ. ನಾಳೆ ಹೇಳ್ತೀನಿ."

ಗುಂಡಿಯಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ನಾಳೆ ನನ್ನ ಮಗಳು ಇರಲ್ಲ ಸಾರ್. ಈಗ್ಲೇ ಹೋಗಿ ಬನ್ನಿ, ನಾನು ಕೂತಿರ್ತೀನಿ."