ಗುಳ್ಳೆ ಬರಲಿಲ್ಲ

ಪಂಕ್ಚರ್ ಅಂಗಡಿಯವನಿಗೆ ಒಂದು ತೂತು ಸಿಕ್ಕರೆ ಸಮಾಧಾನವಿಲ್ಲ. ಇಡೀ ಟ್ಯೂಬನ್ನು ನೀರಿನಲ್ಲಿ ತಿರುಗಿಸಿ, ಬೇರೆಲ್ಲೂ ಗುಳ್ಳೆ ಏಳುವುದಿಲ್ಲವೆಂದು ಕಂಡ ಮೇಲೆಯೇ ಪ್ಯಾಚು. ಗಿರಾಕಿಗಳು ಅವನನ್ನು ಅನುಮಾನದಣ್ಣ ಎನ್ನುತ್ತಿದ್ದರು. ತನ್ನದೇ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಾಗಲೂ ಅದೇ ಚಡಪಡಿಕೆ.

"ಗಡ್ಡೆ ಅಡ್ಡ ಇತ್ತು, ಕ್ಯಾಮೆರಾ ಮುಂದೆ ಹೋಗ್ಲಿಲ್ಲ," ಎಂದರು ಡಾಕ್ಟರು.

"ಅರ್ಧ ಟ್ಯೂಬು ನೋಡಿ ಪ್ಯಾಚ್ ಹಾಕ್ತೀರಾ?"

"ರೀ, ಸುಮ್ನಿರಿ!" ಹೆಂಡತಿ ತೋಳು ಜಗ್ಗಿದಳು. ಅವನು ಜಗ್ಗಲಿಲ್ಲ. ಸ್ಕ್ಯಾನ್ ಮಾಡಿ ನೋಡಿದರೆ ಆ ಗಡ್ಡೆಯ ಆಚೆಗೆ ಇನ್ನೆರಡು ಗಡ್ಡೆ.

ಹೊಟ್ಟೆ ಸೀಳದೆ, ಐದು ಸಣ್ಣ ತೂತು ಕೊರೆದು ಮೂರನ್ನೂ ಒಂದೇ ಸಲಕ್ಕೆ ತೆಗೆದು, ಕತ್ತರಿಸಿದ ಕರುಳನ್ನು ಮತ್ತೆ ಜೋಡಿಸಿದರು.

ಎಚ್ಚರವಾದವನೇ ಡಾಕ್ಟರ ಕೋಟು ಹಿಡಿದುಕೊಂಡ. "ಜೋಡಿಸಿದ ಜಾಗ ನೋಡಿದ್ರಾ?"

"ಹೊಟ್ಟೆಯೊಳಗೇ ನೀರಲ್ಲಿ ಮುಳುಗಿಸಿ, ಕರುಳಿಗೆ ಗಾಳಿ ಬಿಟ್ಟು ನೋಡಿದ್ವಿ. ಒಂದು ಗುಳ್ಳೇನೂ ಬರ್ಲಿಲ್ಲ."

ಆಗಲೇ ಅವನು ಕೋಟು ಬಿಟ್ಟದ್ದು.