ಅಕ್ಕ ಆಕದ ಬೀಗ

ಅಕ್ಕನ ಬಲಗೈ ಹೆಬ್ಬೆಟ್ಟಿಗೆ ಉಗುರಿರ್ಲಿಲ್ಲ. ಯಾವತ್ತೋ ಲಾರಿ ಡೋರು ಬಡಿದು ಓಗಿತ್ತು. ಆ ಬೋಳು ಹೆಬ್ಬೆಟ್ನಲ್ಲೇ ಕೀಬೋರ್ಡನ್ನ ಟಪ್ ಅಂತ ಕುಟ್ಟೋಳು. ಶಂಕಗಿರಿಯ ನಮ್ಮ ಲಾರಿ ಆಫೀಸ್ನಾಗೆ ಕುಟ್ಟಿದ್ರೆ ಆಚೆ ಟೀ ಕುಡಿಯೋ ಡ್ರೈವರ್‌ಗೂ ಕೇಳ್ಸೋದು. ನನಗಿಂತ ಸಣ್ಣೋಳು. ಆದ್ರೂ ಕ್ಲೀನರಿಂದ ಓನರ್‌ಗಂಟ ಎಲ್ರೂ ಅಕ್ಕ ಅನ್ನೋರು, ನಾನೂ ಅಂದೆ.

ಲಾರಿ, ಡ್ರೈವರು, ಲೋಡು, ಎಲ್ಲಾ ಅವಳು ಕಟ್ಟಿದ್ದ ಡೇಟಾಬೇಸ್ನಾಗಿತ್ತು. ಒಬ್ಬೊಬ್ರಿಗೂ ಒಂದೊಂದು ಹೆಸ್ರು, ಪಾಸ್‌ವರ್ಡು. ಯಾರು ತಿದ್ದಬೌದು, ಯಾರು ಬರೀ ನೋಡ್ಬೌದು ಅಂತ ಪರ್ಮಿಷನ್ ಕೊಡೋಳು ಅವಳೇ. ಬುಕಿಂಗ್ ಕ್ಲರ್ಕು ಅಂತ ನನಗೂ ತಿದ್ದೋಕೆ ಕೊಟ್ಟಿದ್ಲು. ನನ್ನಂಥ ಕಿತಾಪತಿ ಈ ಊರ್ನಾಗೆ ಇನ್ನೊಬ್ಬ ಹುಟ್ಟಿಲ್ಲ, ಯಾವ ಟೀ ಅಂಗ್ಡೀಲಾದ್ರೂ ಕೇಳಿ. ಒಂದಿನ ಡ್ರೈವರ್ ಹೆಸ್ರು ಬರೋ ಜಾಗದಾಗೆ 'ಎಮ್ಮೆ' ಅಂತ ಆಕ್ಬುಟ್ಟೆ. ಲೋಡ್ ಚೀಟಿ ಅಂಗೇ ಪ್ರಿಂಟಾಗಿ ಓಯ್ತು. ಗೋಡೌನ್ ಗೇಟ್ನಾಗೆ ವಾಚ್‌ಮನ್ನು "ಎಮ್ಮೆ ಯಾರ್ಲಾ?" ಅಂತ ಕೂಗಿದ್ನಂತೆ, ನಮ್ಮ ಡ್ರೈವರು ಕೈ ಎತ್ತಿದ್ನಂತೆ!

ಅಕ್ಕ ಬೈಲಿಲ್ಲ. ಟಪ್ ಟಪ್ ಅಂತ ಏನೋ ಕುಟ್ಟಿ, "ಅಣ್ಣಾ, ಇವತ್ತಿಂದ ನೀನು ನೋಡ್ಬೌದು, ಮುಟ್ಟಂಗಿಲ್ಲ" ಅಂದ್ಲು.

"ಎಲ್ಲಿಗಂಟ?"

"ನೀನು ಸಾಯೋಗಂಟ."

ಓನರ್ ತೀರ್ಕೊಂಡ್ಮೇಲೆ ಅವ್ರ ಮಗ ಬಂದ. ಹೊಸ ಕಂಪ್ಯೂಟರ್ ತಂದು, ಡೇಟಾಬೇಸ್ ಫೈಲೊಂದನ್ನ ಕಾಪಿ ಮಾಡ್ಕೊಂಡು, "ಅಕ್ಕಾ, ನಾಳೆಯಿಂದ ಬರ್ಬೇಡಿ, ನಾನೇ ನೋಡ್ಕೋತೀನಿ" ಅಂದ. ಹಳೇ ಕಂಪ್ಯೂಟರ್ ಪೆಟ್ಟಿಗೆನ ಗುಜರಿ ಗಾಡಿಗೆ ಎತ್ತಾಕು ಅಂತ ನನಗೆ ಹೇಳ್ದ. ಎತ್ತಾಕ್ದೆ.

ಮಾರನೇ ದಿನ ಹೊಸದ್ರಾಗೆ ಡೇಟಾಬೇಸ್ ಯಾರು ತೆಗೆದ್ರೂ ಪರ್ಮಿಷನ್ ಇಲ್ಲ ಅಂತ ಬಂತು. ಆ ಮಗರಾಯನಿಗೂ ಇಲ್ಲ!

"ಕೆಲ್ಸ ಓಯ್ತು ಅಂತ ಬೇಕಂತ್ಲೇ ಬೀಗ ಜಡಿದವ್ಳೆ, ತಿರುಡಿ, ಕಳ್ಳಿ!" ಅಂತ ಬೀದಿಗೆಲ್ಲಾ ಕೇಳೋಂಗೆ ಕೂಗಾಡ್ದ. ಪೊಲೀಸ್ ಅಂದ.

ಅಕ್ಕ ಪಾಲಮಲೆ ಬೆಟ್ಟದ ಕೆಳಗಿನ ಅವಳ ಊರಿಂದ ಎರಡು ಬಸ್ಸು ಇಡ್ಕೊಂಡು ಬಂದ್ಲು. "ನಾನು ಜಡಿದಿಲ್ಲ ತಂಬಿ. ನಮ್ಮೆಲ್ರ ಹೆಸ್ರು, ಪಾಸ್‌ವರ್ಡು ಇರೋ ಫೈಲೇ ಬೇರೆ, ಅದಿಲ್ದೆ ಇದು ಯಾರ್ಗೂ ತೆಗೆಯಲ್ಲ. ಅದು ಹಳೇ ಪೆಟ್ಟಿಗೆನಾಗೈತೆ. ಎಲ್ಲಿ ಅದು?"

ನಾನು ಮುಂದೆ ಬಂದು, "ಗುಜರಿಗೆ ಆಕಿದ್ದು ನಾನೇ. ನೀನೇ ಅಲ್ವೇನಪ್ಪಾ ಹೇಳಿದ್ದು?" ಅಂದೆ.

"ತಾತಾ, ಇದೂ ನಿನ್ನ ಎಮ್ಮೆ ಕಥೆನಾ?" ಅಂದ ಅವನು. ಆಫೀಸೇ ಬಿದ್ದು ಬಿದ್ದು ನಗ್ತು.

ಅಕ್ಕ ನಗಲಿಲ್ಲ. ಕೂತು, ಓಗಿದ್ದ ಫೈಲ್ನ ಹೊಸದಾಗಿ ಮಾಡಿದ್ಲು. ಡೇಟಾಬೇಸ್ ಕಟ್ಟಿದ ಮೊದಲ್ನೇ ದಿನ ಕೊಟ್ಟಿದ್ದ ಅವಳ ಹೆಸ್ರು, ಆಫೀಸ್ ಹೆಸ್ರು, ಒಂದು ಗುಟ್ಟಿನ ಮಾತು, ಅಷ್ಟೂ ಅಂಗಂಗೇ ಬೇಕು. ಒಂದಕ್ಷರ ಆಚೀಚೆ ಆದ್ರೂ ತೆಗೆಯಲ್ಲ. ಎಲ್ಲಾ ನೆನಪ್ನಾಗೇ ಕುಟ್ಟಿದ್ಲು. ಟಪ್. ಲಾರಿಗಳೆಲ್ಲ ಸಾಲಾಗಿ ಬಂದ್ವು.

"ಪಾತ್ತೀಂಗಳಾ, ನೋಡಿದ್ರಾ? ಜಡಿದೋಳೇ ತೆಗೆದ್ಲು!" ಅಂದ ಅವನು.

ಅಕ್ಕ ನೀರೂ ಕುಡೀದೆ ಎದ್ಲು. ಬಸ್ ಸ್ಟಾಂಡ್‌ಗಂಟ ಹಿಂದೇನೇ ಓದೆ. ಬಸ್ ಅತ್ತೋವಾಗ ತಿರುಗಿ, "ನೀನು ಬಾಯಿ ಬಿಡ್ದೆ ಇದ್ದಿದ್ರೆ ಯಾರಾದ್ರೂ ಒಬ್ರು ನನ್ನ ನಂಬ್ತಿದ್ರಣ್ಣಾ" ಅಂದ್ಲು.

ಓದ ತಿಂಗಳು ಅಕ್ಕ ತೀರ್ಕೊಂಡ್ಲು. ಆಫೀಸಿಂದ ಯಾರೂ ಬರ್ಲಿಲ್ಲ. ಬೀಗ ಆಕಿದೋಳ ಮನೆಗೆ ಯಾಕೆ ಅಂದ್ರಂತೆ. ಟೀ ಅಂಗ್ಡೀಲಿ, ಶೆಡ್ನಾಗೆ, ಸಿಕ್ಕಿದೋರಿಗೆಲ್ಲಾ ಹೇಳ್ತಾನೇ ಇದೀನಿ, ಅವಳು ಆಕಿಲ್ಲ ಕಣ್ರೋ ಅಂತ. "ಬಿಡು ಮಾವಾ, ಆ ಎಮ್ಮೆ ಕಥೆ ಹೇಳು" ಅಂತಾರೆ.

ಡ್ರೈವರು ಕೈ ಎತ್ತಿದ್ದು ನಾನೇ ಕಟ್ಟಿದ್ದ ಸುಳ್ಳು. ಅದನ್ನ ಊರೇ ನಂಬ್ತು. ಇದನ್ನ ಒಬ್ನೂ ನಂಬಲ್ಲ.