ಬೋಂಡಾ ಜೊತೆ ಹೋದ ನನ್ನ ಸಹಿ

ಸ್ನೇಹಿತರೇ, ಮಧ್ಯಾಹ್ನದ ನಿದ್ದೆಯಲ್ಲಿ ಕೆಟ್ಟ ಕನಸು. ಅಮೃತಹಳ್ಳಿಯ ನಮ್ಮ ಸೈಟನ್ನು ಯಾರೋ ಮಾರುತ್ತಿದ್ದಾರೆ, ತಕರಾರು ಬರೆಯಲು ಹೋದರೆ ನನ್ನ ಪೆನ್ನಿನಲ್ಲಿ ಇಂಕೇ ಇಲ್ಲ! ಎದ್ದವನೇ ಸಹಕಾರನಗರದ ಸ್ಟೇಷನರಿ ಅಂಗಡಿಗೆ ಓಡಿದೆ. ನನ್ನ ಹಳೇ ಸ್ಟೀಲ್ ಪೆನ್ನಿಗೆ ಎಲ್ಲ ರೀಫಿಲ್ಲೂ ಒಗ್ಗುವುದಿಲ್ಲ. ಸಣ್ಣ ಮೊನೆಯದು ಕೆರೆಯುತ್ತದೆ, ದಪ್ಪದ್ದು ಸೋರುತ್ತದೆ. ಅಂಗಡಿಯ ಮಂಜಣ್ಣ ಕೊಟ್ಟ ಹಾಳೆಯ ಮೇಲೆ ಒಂದೊಂದನ್ನೂ ಗೀಚಿ ನೋಡಿ, ನೀಲಿಯದೊಂದನ್ನು ಆರಿಸಿಕೊಂಡು ಬಂದೆ.

ಮನೆಗೆ ಬಂದಮೇಲೆ ನೆನಪಾಯಿತು. ನಾನು ಗೀಚಿದ್ದು ನನ್ನ ಸಹಿ! ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಕೈಗೆ ಪೆನ್ನು ಸಿಕ್ಕರೆ ತಾನಾಗಿ ಬರುವುದು ಅದೊಂದೇ. ವಾಪಸ್ ಓಡಿದೆ.

"ಮಂಜಣ್ಣ, ಆ ಹಾಳೆ ಎಲ್ಲಿ?"

"ಪಕ್ಕದ ಬೋಂಡಾ ಗಾಡಿಗೆ ಕೊಟ್ಟೆ ಕಣ್ರೀ. ಯಾಕೆ?"

"ಅದ್ರಲ್ಲಿ ನನ್ ಸೈನ್ ಇದೆ! ಯಾರಾದ್ರೂ ಸೈಟ್ ಬರೆಸ್ಕೊಂಡ್ಬಿಟ್ರೆ?"

"ಅಯ್ಯೋ ಗುರುವೇ, ಬೋಂಡಾ ತಿನ್ನೋರು ಚಟ್ನಿ ಕೇಳ್ತಾರೆ, ಸೈಟ್ ಯಾರ್ ಕೇಳ್ತಾರೆ?"

ಗಾಡಿಯವನು ಆ ಹಾಳೆಯಲ್ಲಿ ಆಗಲೇ ಯಾರಿಗೋ ಬೋಂಡಾ ಕಟ್ಟಿಕೊಟ್ಟಿದ್ದ. ಇಂದು ಅಲ್ಲಿಂದ ಬೋಂಡಾ ತಂದವರು ದಯವಿಟ್ಟು ಕಾಗದ ನೋಡಿ. ನನ್ನ ಸಹಿಯ ಕೆಳಗೆ ಎರಡು ಚುಕ್ಕೆ ಇರುತ್ತವೆ. ಹೆಚ್ಚು ಕಂಡರೆ ಎಣ್ಣೆ ಒರೆಸಿ, ಇನ್ನೊಮ್ಮೆ ಎಣಿಸಿ.